ಮೊಳಕೆಯೂ ಬೆಳೆಯೂ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಉಪಾಧ್ಯಾಯರಾದ ನಾವು ವರ್ಷಕ್ಕೊಮ್ಮೆಯಾದರೂ ಉಚ್ಚರಿಸುತ್ತೇವೆ. ತರಗತಿಗೆ ಮೊದಲಿಗನಾದ ಬಾಲಕನನ್ನು ವೇದಿಕೆಯ ಮೇಲೆ ನಿಲ್ಲಿಸಿ, ಹಾರ ಹಾಕಿ, ಈ ಮಾತನ್ನಾಡಿ ಕುಳಿತುಕೊಳ್ಳುತ್ತೇವೆ. ಗಾದೆ ಸುಳ್ಳಲ್ಲ. ಆದರೆ ಮೊಳಕೆಗೂ ಸುಗ್ಗಿಗೂ ನಡುವೆ ಎಷ್ಟು ಬಿಸಿಲು, ಎಷ್ಟು ಬರ, ಎಷ್ಟು ಕಳೆ ಎಂಬುದನ್ನು ಅದು ತಿಳಿಸುವುದಿಲ್ಲ. ಹೇಳದೆ ಉಳಿದ ಆ ಭಾಗವನ್ನು ಐರ್ಲೆಂಡಿನ ಒಬ್ಬ ತರುಣ ಕಾಲ್ಚೆಂಡಾಟಗಾರನ ಬಾಳಿನಲ್ಲಿ ಓದಿಕೊಳ್ಳಬಹುದು. ವ್ಯಾಕರಣ ಛಂದಸ್ಸುಗಳಲ್ಲಿ ಆಯುಷ್ಯ ಸವೆಸಿದವನಿಗೆ ಕಾಲ್ಚೆಂಡಿನ ಗೊಡವೆ ಏಕೆಂದು ವಾಚಕಮಹಾಶಯರು ನಗಬಾರದು. ಮಕ್ಕಳನ್ನು ಬೆಳೆಸುವ ಪ್ರಶ್ನೆ ಎಲ್ಲಿ ಎದ್ದರೂ ಅದು ಉಪಾಧ್ಯಾಯನ ಪ್ರಶ್ನೆಯೇ ಸರಿ.

ಆ ತರುಣನ ಹೆಸರು ಟ್ರಾಯ್ ಪ್ಯಾರಟ್. 2002ರ ಫೆಬ್ರವರಿಯಲ್ಲಿ ಡಬ್ಲಿನ್ ನಗರದಲ್ಲಿ ಜನನ. ಅಲ್ಲಿನ ಬೆಲ್ವೆಡಿಯರ್ ಎಂಬ ಬಾಲಕರ ಕ್ಲಬ್ಬಿನಲ್ಲಿ ಆಟದ ಓನಾಮ. 2017ರಲ್ಲಿ, ಹದಿನೈದರ ಪ್ರಾಯದಲ್ಲಿ, ಸಮುದ್ರ ದಾಟಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬನ್ನು ಸೇರಿದನು. ಐರಿಶ್ ಬಾಲಕರಿಗೆ ಅದು ಹಳೆಯ ದಾರಿ; 1970ರ ದಶಕದ ಮೊದಲಲ್ಲಿ ಲಿಯಾಮ್ ಬ್ರೇಡಿಯೂ ಇದೇ ವಯಸ್ಸಿನಲ್ಲಿ ಆರ್ಸೆನಲ್ ಕ್ಲಬ್ಬಿಗೆ ಹೋಗಿ ಖ್ಯಾತನಾದವನು. ಪ್ಯಾರಟ್ 2019ರ ನವೆಂಬರಿನಲ್ಲಿ ತನ್ನ ದೇಶದ ಪರವಾಗಿ ನ್ಯೂಜಿಲೆಂಡಿನ ವಿರುದ್ಧ ಆಡಿದನು. ಮರುತಿಂಗಳು ಬರ್ನ್ಲಿ ತಂಡದ ಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಕೆಲವೇ ನಿಮಿಷ ಅಂಗಳಕ್ಕಿಳಿದನು. ಆಟ ಮುಗಿದ ಮೇಲೆ ತರಬೇತುದಾರ ಜೋಸೆ ಮೊರಿನ್ಯೊ ಪಂದ್ಯದ ಚೆಂಡನ್ನೇ ಅವನ ಕೈಗಿತ್ತರು. ಹದಿನೇಳರ ಹುಡುಗನಿಗೆ ಅದಕ್ಕಿಂತ ದೊಡ್ಡ ಹಾರ ಉಂಟೆ?

ಮೂರು ತಿಂಗಳು ಕಳೆದಿರಲಿಲ್ಲ. 2020ರ ಮಾರ್ಚ್ 4ರಂದು ಎಫ್.ಎ. ಕಪ್ ಪಂದ್ಯ ನಾರ್ವಿಚ್ ತಂಡದೊಡನೆ ಸಮವಾಗಿ, ಪೆನಾಲ್ಟಿ ಒದೆತಗಳಿಂದ ನಿರ್ಣಯವಾಗಬೇಕಾಯಿತು. ಪ್ಯಾರಟ್ ಒದ್ದ ಚೆಂಡನ್ನು ಎದುರಾಳಿಯ ಗೋಲುರಕ್ಷಕ ತಡೆದನು, ಟಾಟನ್‌ಹ್ಯಾಮ್ ಸೋತಿತು. ಆ ಕ್ಲಬ್ಬಿನ ಮೊದಲ ತಂಡದಲ್ಲಿ ಅವನು ಆಡಿದ ಪಂದ್ಯಗಳು ಒಟ್ಟು ನಾಲ್ಕು ಮಾತ್ರ.

ಅಲ್ಲಿಂದ ಮುಂದೆ ಎರವಿನ ಪರ್ವ. ಆಟಗಾರನನ್ನು ತನ್ನ ಒಪ್ಪಂದದಲ್ಲಿಟ್ಟುಕೊಂಡೇ ಒಂದು ಋತುವಿಗೋ ಅರ್ಧ ಋತುವಿಗೋ ಬೇರೆ ಕ್ಲಬ್ಬಿಗೆ ಕೊಡುವ ಪದ್ಧತಿ ಅಲ್ಲಿದೆ. ‘ಎರವು’ ಎಂಬ ನಮ್ಮ ಹಳೆಯ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಎರವು ತಂದ ಒಡವೆಯನ್ನು ಯಾರೂ ತಮ್ಮದೆಂದು ಜೋಪಾನ ಮಾಡುವುದು ಅಪರೂಪ. ಮಿಲ್ವಾಲ್‌ನಲ್ಲಿ ಗಾಯದ ಬಾಧೆ. ಗೋಲು ಒಂದೂ ಬರಲಿಲ್ಲ. ಬಳಿಕ ಮೂರನೆಯ ದರ್ಜೆಯ ಇಪ್ಸ್‌ವಿಚ್, ಮಿಲ್ಟನ್ ಕೀನ್ಸ್, ಆಮೇಲೆ ಪ್ರೆಸ್ಟನ್. ಹೊಗಳಿದ ನಾಲಗೆಗಳೇ ‘ಇವನ ಕಥೆ ಮುಗಿಯಿತು’ ಎಂದವು. 2023ರಲ್ಲಿ ಐದನೆಯ ಎರವಿಗೆ ನೆದರ್ಲೆಂಡ್ಸಿನ ಎಕ್ಸೆಲ್ಸಿಯರ್ ಎಂಬ ಸಣ್ಣ ಕ್ಲಬ್ಬಿಗೆ ಹೋದನು. ಆ ತಂಡ ಕೆಳದರ್ಜೆಗೆ ಇಳಿಯಿತು. ಆದರೆ ಪ್ಯಾರಟ್ ಲೀಗಿನಲ್ಲಿ 10 ಗೋಲು ಗಳಿಸಿದನು. 2024ರಲ್ಲಿ ಅದೇ ದೇಶದ ಎ.ಜೆಡ್. ಕ್ಲಬ್ಬು ಎರವಲ್ಲದೆ, ತನ್ನವನನ್ನಾಗಿಯೇ ಅವನನ್ನು ಸೇರಿಸಿಕೊಂಡಿತು.

ಫಲ ಕಂಡದ್ದು 2025ರ ನವೆಂಬರಿನಲ್ಲಿ. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಐರ್ಲೆಂಡ್ ಪೋರ್ಚುಗಲ್ ತಂಡವನ್ನು 2-0 ಅಂತರದಿಂದ ಮಣಿಸಿತು. ಎರಡೂ ಗೋಲು ಪ್ಯಾರಟನವು. ಮೂರೇ ದಿನಗಳ ತರುವಾಯ, 16ರಂದು, ಬುಡಾಪೆಸ್ಟಿನಲ್ಲಿ ಹಂಗೇರಿಯ ವಿರುದ್ಧ 3-2ರ ಜಯ, ಮೂರೂ ಅವನವೇ. ಅವುಗಳಲ್ಲಿ ಮೊದಲನೆಯದು ಪೆನಾಲ್ಟಿ ಒದೆತ. ಕಡೆಯದು ನಿಯತಕಾಲ ಮುಗಿದು ಆರನೆಯ ನಿಮಿಷದಲ್ಲಿ. ಹದಿನೆಂಟರಲ್ಲಿ ತಪ್ಪಿದ ಕಾಲು ಇಪ್ಪತ್ತಮೂರರಲ್ಲಿ ತಪ್ಪಲಿಲ್ಲ. ಪಂದ್ಯ ಮುಗಿದಾಗ ಆ ತರುಣ ಎಲ್ಲರೆದುರು ಕಣ್ಣೀರಿಟ್ಟನು.

ಕಷ್ಟವೇ ಅವನನ್ನು ಗಟ್ಟಿ ಮಾಡಿತೆಂದು ಹೇಳುವವರುಂಟು. ಈ ವಾದ ಅರ್ಧಸತ್ಯ. ಗೆದ್ದು ಬಂದವನ ಕಷ್ಟವನ್ನು ನಾವು ಕಥೆ ಮಾಡಿ ಹೇಳುತ್ತೇವೆ. ಅದೇ ಹಡಗಿನಲ್ಲಿ ಹೋಗಿ, ಓದೂ ಇಲ್ಲದೆ ಆಟವೂ ಇಲ್ಲದೆ ಮರಳಿದ ಹುಡುಗರ ಕಥೆಯನ್ನು ಹೇಳುವವರಾರು? ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಫಲವಾಗಿ, 2021ರ ಜನವರಿ 1ರಿಂದ ಹದಿನೆಂಟು ತುಂಬದ ಐರಿಶ್ ಬಾಲಕರನ್ನು ಇಂಗ್ಲೆಂಡಿನ ಕ್ಲಬ್ಬುಗಳು ಸೇರಿಸಿಕೊಳ್ಳುವಂತಿಲ್ಲ. ರಾಜಕಾರಣದಿಂದ ಆಕಸ್ಮಿಕವಾಗಿ ಹುಟ್ಟಿದ ಈ ನಿರ್ಬಂಧ ನನ್ನ ಮಟ್ಟಿಗೆ ಶುಭವೇ. ಬಾಲಕನಿಗೆ ಶಾಲೆ ಮುಗಿಸುವಷ್ಟು ಕಾಲವಾದರೂ ದೊರೆಯಿತು. ಆದರೆ ತಡೆಯುವುದರಿಂದಲೇ ಕರ್ತವ್ಯ ಮುಗಿಯದು. ತವರಿನಲ್ಲಿ ಒಳ್ಳೆಯ ಅಂಗಳ, ಒಳ್ಳೆಯ ಗುರು ಇಲ್ಲದಿದ್ದರೆ ಕಾಲ ಬರಿದೇ ಸವೆಯುವುದು.

ಟಾಟನ್‌ಹ್ಯಾಮಿನ ಬಗೆಗೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಳೆತನದಲ್ಲೇ ಅವನನ್ನು ಮೆರೆಸಿದ್ದು ನಿಜ. ಆದರೆ ಎಡವಿದೊಡನೆ ಒಪ್ಪಂದವನ್ನು ಹರಿದೊಗೆಯಲಿಲ್ಲ. ಏಳು ವರ್ಷ ಅನ್ನದ ದಾರಿ ಮುಚ್ಚಲಿಲ್ಲ. ಲಾಭಕ್ಕಾಗಿ ನಡೆಯುವ ಕ್ಲಬ್ಬಿಗೆ ಇಷ್ಟು ಸಹನೆ ಸಾಧ್ಯವಾದರೆ, ದಾಸೋಹವನ್ನು ಧರ್ಮವೆಂದು ನಂಬಿದ ನಮಗೆ ಎಷ್ಟು ಸಾಧ್ಯವಾಗಬೇಕು? ಒಂದು ವರ್ಷ ಅಂಕಗಳು ತಗ್ಗಿದ ಮಾತ್ರಕ್ಕೆ ವಿದ್ಯಾರ್ಥಿವೇತನ ನಿಂತು, ಬುದ್ಧಿವಂತ ಬಾಲಕನೊಬ್ಬ ಪೆಟ್ಟಿಗೆ ಹೊತ್ತು ವಸತಿಗೃಹದ ಮೆಟ್ಟಿಲಿಳಿದು ಹೋದುದನ್ನು ನಾನು ಕಂಡಿದ್ದೇನೆ. ಆ ವೇತನ ಹೋದ ಸಾಲಿನ ಅಂಕಗಳಿಗೆ ಸಂದ ಬಹುಮಾನವಾಗಿತ್ತೇ ಹೊರತು ಹುಡುಗನಿಗೆ ಊರುಗೋಲಾಗಲಿಲ್ಲ. ಅವನಿಗೆ ಹಾರ ಹಾಕಿದವರಲ್ಲಿ ನಾನೂ ಒಬ್ಬನಾಗಿದ್ದೆ. ಅಂದು ಸುಮ್ಮನಿದ್ದವರಲ್ಲಿಯೂ ಒಬ್ಬನಾಗಿದ್ದೆ.

ಆದ್ದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಗೆದ್ದ ವರ್ಷ ಕೊಡುವ ಹಾರದ ಖರ್ಚನ್ನು ಬೇಕಾದರೆ ಕಡಿಮೆ ಮಾಡೋಣ. ಸೋತ ವರ್ಷ ಕೊಡುವ ಅನ್ನ ಪುಸ್ತಕಗಳನ್ನು ಮಾತ್ರ ನಿಲ್ಲಿಸದಿರೋಣ. ಉಪಾಧ್ಯಾಯ ಬಂಧುಗಳೂ ಆ ಗಾದೆಯನ್ನು ಧಾರಾಳವಾಗಿ ಹೇಳಲಿ. ಹೇಳಿದ ಮೇಲೆ ಹೊಲವನ್ನು ಬಿಟ್ಟು ಬಾರದಿರಲಿ.