ಕೇಕ್ ಬೇಡ, ಡ್ಯೂಟಿ ಚಾರ್ಟ್ ಸರಿ ಮಾಡಿ

ಮೇ 12 ಬಂತು ಅಂದ್ರೆ ದಾದಿಯರ ದಿನ. ಆಸ್ಪತ್ರೆಗಳಲ್ಲಿ ಕೇಕ್ ಕತ್ತರಿಸ್ತಾರೆ, ಕೈಗೊಂದು ಗುಲಾಬಿ ಕೊಡ್ತಾರೆ. ನಾವು ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಬಿಳಿ ಉಡುಪಿನ ದೇವತೆಗಳು’ ಅಂತ ಹಾಕ್ತೀವಿ. ಜುಲೈ 1ಕ್ಕೆ ಅದೇ ದೇವರ ಪಟ್ಟ ಡಾಕ್ಟರಿಗೆ. ಮನುಷ್ಯರನ್ನು ದೇವರು ಅಂತ ಕರೆಯೋದರಲ್ಲಿ ನಮಗೊಂದು ಅನುಕೂಲ ಇದೆ ನೋಡಿ: ದೇವರಿಗೆ ನಿದ್ದೆ ಬೇಡ, ರಜೆ ಬೇಡ, ಅಳುವಂತೂ ಬರೋದೇ ಇಲ್ಲ!

ಮಕ್ಕಳ ಐಸಿಯು, ಮಕ್ಕಳ ಕ್ಯಾನ್ಸರ್ ವಾರ್ಡ್ – ಇಲ್ಲಿ ಕೆಲಸ ಮಾಡುವವರ ಬಗ್ಗೆ ನಾವು ಯೋಚಿಸುವುದು ಕಡಿಮೆ. ಯೋಚಿಸಿದರೂ ‘ಪಾಪ, ಎಷ್ಟು ಗಟ್ಟಿ ಮನಸ್ಸು’ ಅಂತ ಹೇಳಿ ಮುಂದಕ್ಕೆ ಹೋಗ್ತೀವಿ. ಅವರ ದಣಿವು ಅವರ ಮನಸ್ಸಿನ ಸಮಸ್ಯೆ, ಒಂದು ಯೋಗ ಶಿಬಿರ ಇಟ್ಟರೆ ಸರಿಹೋಗುತ್ತೆ ಅನ್ನುವುದು ಆಡಳಿತದವರ ಲೆಕ್ಕ. ಈ ಲೆಕ್ಕವೇ ತಪ್ಪು ಅನ್ನೋದು ನನ್ನ ವಾದ. ಒಂದು ಬೀಮ್ ಬಾಗುತ್ತಿದ್ದರೆ ನಾವು ಬೀಮ್‌ಗೆ ಧೈರ್ಯ ಹೇಳಲ್ಲ, ಲೋಡ್ ಎಷ್ಟಿದೆ ಅಂತ ನೋಡ್ತೀವಿ. ಇಲ್ಲೂ ಅದನ್ನೇ ಮಾಡಬೇಕು.

ಇದು ನನ್ನೊಬ್ಬನ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನುವುದನ್ನು ಕಾಯಿಲೆ ಅಂತ ಕರೆಯಲಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಜಾಗದ ಒತ್ತಡದಿಂದ ಬರುವ ಸ್ಥಿತಿ ಅಂತ ವಿವರಿಸಿತು. ಅಂದರೆ ಹುಡುಕಬೇಕಾದದ್ದು ಕೆಲಸದ ಜಾಗದಲ್ಲಿ.

ಮೊದಲು ನಮಗೆ ಅರ್ಥವಾಗುವ ವಿಷಯದಿಂದಲೇ ಶುರು ಮಾಡೋಣ: ಅಲಾರಂ. ಹಾಸಿಗೆಯಲ್ಲಿರುವ ಮಗುವಿನ ಬೆರಳಿಗೋ ಪಾದಕ್ಕೋ ಆಮ್ಲಜನಕ ಅಳೆಯುವ ಪ್ರೋಬ್ ಸುತ್ತಿರುತ್ತಾರೆ. ಮಗು ಕಾಲು ಒದರಿದರೆ ಸಿಗ್ನಲ್ ಕೆಡುತ್ತದೆ, ಮಾನಿಟರ್ ಕಿರುಚುತ್ತದೆ. ದೊಡ್ಡವರ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿದರೆ, ನವಜಾತ ಶಿಶುವಿಗೆ 140 ಬಡಿತವೂ ಮಾಮೂಲಿ. ಮಿತಿಯನ್ನು ವಯಸ್ಸಿಗೆ ತಕ್ಕಂತೆ ಬದಲಿಸದಿದ್ದರೆ ಆರಾಮಾಗಿರುವ ಮಗುವಿಗೂ ಅಲಾರಂ ತಪ್ಪಿದ್ದಲ್ಲ.

ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ಇದನ್ನೇ ವಿಡಿಯೋ ಮಾಡಿ ಒಂದೊಂದಾಗಿ ಎಣಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಕ್ಕಳ ಐಸಿಯುವಿನಲ್ಲಿ ಸುಮಾರು 87%, ಸಾಮಾನ್ಯ ವಾರ್ಡಿನಲ್ಲಿ 99% ಅಲಾರಂಗಳಿಗೆ ಯಾರೂ ಏನೂ ಮಾಡಬೇಕಾಗಿಯೇ ಇರಲಿಲ್ಲ. ಇನ್ನೂ ಮುಖ್ಯವಾದದ್ದು, ಹಿಂದಿನ ಎರಡು ಗಂಟೆಗಳಲ್ಲಿ ಇಂಥ ವ್ಯರ್ಥ ಅಲಾರಂ ಹೆಚ್ಚು ಬಂದಷ್ಟೂ ನರ್ಸ್ ಹಾಸಿಗೆಯ ಹತ್ತಿರ ಬರುವುದು ತಡವಾಗುತ್ತಿತ್ತು. ಇದು ಉದಾಸೀನ ಅಲ್ಲ, ಮಿದುಳು ತನ್ನನ್ನು ತಾನೇ ಕಾಪಾಡಿಕೊಳ್ಳುವ ರೀತಿ. ದಣಿದ ನರ್ಸ್ ಅಂದರೆ ಅಪಾಯದಲ್ಲಿರುವ ಮಗು ಅಂತಲೂ ಅರ್ಥ.

ನನ್ನ ಸೋದರತ್ತೆಯ ಮಗಳು ಇಂಥದ್ದೇ ಒಂದು ಐಸಿಯುವಿನಲ್ಲಿ ಸ್ಟಾಫ್ ನರ್ಸ್. “ಮನೇಲಿ ಕುಕ್ಕರ್ ಕೂಗಿದ್ರೂ ಮಾನಿಟರ್ ಅನ್ಸುತ್ತೆ ಕಣೋ, ಎದ್ದು ನಿಂತುಬಿಡ್ತೀನಿ” ಅಂತ ನಗ್ತಾ ಹೇಳ್ತಾಳೆ. ಆದರೆ ಅಕ್ಕ ನಗದೆ ಹೇಳಿದ ಮಾತು ಬೇರೆ: “ಒಂದು ಮಗು ಹೋದ್ರೆ ಬೆಡ್‌ಶೀಟ್ ಬದಲಾಯಿಸೋಷ್ಟೇ ಟೈಮು. ಆಮೇಲೆ ಅದೇ ಬೆಡ್‌ಗೆ ಹೊಸ ಅಡ್ಮಿಷನ್. ಆ ತಾಯಿ ಮುಂದೆ ಮುಖ ಸಪ್ಪಗೆ ಮಾಡ್ಕೊಂಡು ನಿಲ್ಲೋಕಾಗುತ್ತಾ?”

ಇದಕ್ಕೇನು ಮಾಡೋದು? ಮಾಡಿದವರಿದ್ದಾರೆ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಅನ್ನುವ ನರ್ಸ್ ಒಂದು ಸರಳ ಪದ್ಧತಿ ಶುರು ಮಾಡಿದರು. ರೋಗಿ ತೀರಿಕೊಂಡಾಗ, ಅಲ್ಲಿರುವ ಎಲ್ಲರೂ – ಡಾಕ್ಟರ್, ನರ್ಸ್, ಟೆಕ್ನಿಷಿಯನ್ – ಒಂದು ನಿಮಿಷದೊಳಗೆ ಮುಗಿಯುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಹೋದ ಜೀವಕ್ಕೊಂದು ಗೌರವ, ಉಳಿಸಲು ಒದ್ದಾಡಿದ ಕೈಗಳಿಗೂ ಒಂದು ಗೌರವ. ಆಮೇಲೆ ಕೆಲಸ. ಇದಕ್ಕೆ ಬಜೆಟ್ ಬೇಕಾ? ಟೆಂಡರ್ ಕರೀಬೇಕಾ?

ಇನ್ನೊಂದು ಬಾಸ್ಟನ್ನಿನದು. ಕೆನೆತ್ ಶ್ವಾರ್ಟ್ಜ್ ಅನ್ನುವ ವಕೀಲರು 1995ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಚಿಕಿತ್ಸೆಯ ಜತೆಗೆ ಆರೈಕೆ ಮಾಡುವವರ ಪ್ರೀತಿ ತಮಗೆ ಎಷ್ಟು ಮುಖ್ಯವಾಗಿತ್ತು ಅಂತ ಬರೆದಿಟ್ಟಿದ್ದರು. ಅವರ ಹೆಸರಿನ ‘ಶ್ವಾರ್ಟ್ಜ್ ರೌಂಡ್ಸ್’ ಈಗ ಬೇರೆ ದೇಶಗಳಿಗೂ ಹಬ್ಬಿದೆ. ನಿಗದಿತ ದಿನ ಒಂದು ಗಂಟೆ ಎಲ್ಲ ಹುದ್ದೆಯವರೂ ಒಟ್ಟಿಗೆ ಕೂರುತ್ತಾರೆ. ರೋಗದ ಬಗ್ಗೆ ಚರ್ಚೆ ಇಲ್ಲ, ಯಾರ ತಪ್ಪು ಅಂತ ಹುಡುಕಾಟ ಇಲ್ಲ. ‘ಆ ಕೇಸ್ ನನ್ನ ಮನಸ್ಸಿಗೆ ಹೀಗೆ ತಾಗಿತು’ ಅಂತ ಹೇಳಿಕೊಳ್ಳುವುದಷ್ಟೇ. ಹಿರಿಯ ಸರ್ಜನ್ ಬಾಯಿಂದ ‘ನನಗೂ ಅವತ್ತು ನಿದ್ದೆ ಬರಲಿಲ್ಲ’ ಅನ್ನೋ ಮಾತು ಬಂದರೆ, ಹೊಸದಾಗಿ ಸೇರಿದ ಸಿಸ್ಟರ್‌ಗೆ ಎಷ್ಟು ಹಗುರ ಅನ್ನಿಸಬಹುದು, ಯೋಚಿಸಿ.

ಮಾತಿನಿಂದ ಎಲ್ಲ ಸರಿಹೋಗಲ್ಲ, ಒಪ್ಪಿದೆ. ನರ್ಸಿಂಗ್ ಕ್ಷೇತ್ರದಲ್ಲಿ 1984ರಿಂದ ಚರ್ಚೆಯಲ್ಲಿರುವ ಒಂದು ಪರಿಕಲ್ಪನೆ ಇದೆ: ನೈತಿಕ ಸಂಕಟ. ಸರಿಯಾದದ್ದು ಏನು ಅಂತ ಗೊತ್ತಿದ್ದೂ ಮಾಡಲು ಕೈಕಟ್ಟಿರುವ ಸ್ಥಿತಿ. ನಮ್ಮಲ್ಲಿ ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ದುಡ್ಡಿಲ್ಲದೆ ಅಪ್ಪ-ಅಮ್ಮ ಮಗುವನ್ನು ಅರ್ಧ ಚಿಕಿತ್ಸೆಯಲ್ಲೇ ಮನೆಗೆ ಕರೆದುಕೊಂಡು ಹೋಗಲು ಸಹಿ ಹಾಕ್ತಾರಲ್ಲ, ಆಗ ಕೈಯಿಂದ ಡ್ರಿಪ್ ಬಿಚ್ಚುವವರು ಯಾರು? ಅದೇ ಸಿಸ್ಟರ್. ಆ ಸಂಕಟಕ್ಕೆ ಪ್ರಾಣಾಯಾಮ ಮದ್ದಲ್ಲ.

ಹಾಗಾಗಿ ದುಡ್ಡು ಬೇಕಾದ ಕಡೆ ದುಡ್ಡು ಹಾಕಲೇಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನದಂಡದಂತೆ ಐಸಿಯುವಿನಲ್ಲಿ ಒಂದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕು. ಕಿರಿಯ ವೈದ್ಯರ ಡ್ಯೂಟಿ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರಬಾರದು ಅಂತ ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯೇ ಹೇಳಿದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ‘ವಾರಕ್ಕೆ 74 ಗಂಟೆಗಿಂತ ಹೆಚ್ಚು ಬೇಡ’ ಅಂತ ಶಿಫಾರಸು ಮಾಡಿತು. 48 ಅಂತ ಬರೆದ 32 ವರ್ಷದ ಮೇಲೆ 74ಕ್ಕಾದರೂ ನಿಲ್ಲಿಸಿ ಅಂತ ಕೇಳಬೇಕಾಗಿದೆ ಅಂದರೆ, ನಡುವೆ ಏನಾಗಿದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪಿಯುಸಿಯಲ್ಲಿ ನಮ್ಮ ಪಕ್ಕದ ಬೆಂಚಲ್ಲಿ ಕೂತಿದ್ದವರೇ ಇವತ್ತು ಎಂಬಿಬಿಎಸ್, ಬಿಎಸ್ಸಿ ನರ್ಸಿಂಗ್ ಓದ್ತಿದ್ದಾರೆ. ಇದು ಅವರ ನಾಳೆ.

‘ಸರಿ, ಇದರಲ್ಲಿ ಇಂಜಿನಿಯರ್ ಪಾತ್ರ ಏನು?’ ಅಂತ ಕೇಳಬಹುದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಕಥೆ ಕೇಳಿ. ಹೃದಯದ ಆಪರೇಷನ್ ಆದ ಮಗುವನ್ನು ಥಿಯೇಟರಿನಿಂದ ಐಸಿಯುಗೆ ಒಪ್ಪಿಸುವಾಗ ಗೊಂದಲ ಆಗುತ್ತಿತ್ತು. ಟಿವಿಯಲ್ಲಿ ಫಾರ್ಮುಲಾ ಒನ್ ರೇಸ್ ನೋಡುತ್ತಿದ್ದ ಅಲ್ಲಿನ ಡಾಕ್ಟರುಗಳಿಗೆ ಪಿಟ್ ಸ್ಟಾಪ್ ಕಣ್ಣಿಗೆ ಬಿತ್ತು. ಫೆರಾರಿ ತಂಡದವರ ಹತ್ತಿರವೇ ಹೋಗಿ ಕಲಿತರು. ಯಾರು ಮುಂದಾಳು, ಯಾರು ಯಾವ ಕೆಲಸ, ಯಾವುದು ಮೊದಲು ಎಲ್ಲ ನಿಗದಿಯಾಯಿತು. ತಪ್ಪುಗಳು ಕಡಿಮೆಯಾದವು ಅಂತ 2007ರಲ್ಲಿ ವರದಿ ಪ್ರಕಟವಾಯಿತು. ಕೆಲಸದ ಕ್ರಮ ಸ್ಪಷ್ಟವಾಗಿದ್ದರೆ, ಮನೆಗೆ ಹೋಗುವಾಗ ‘ಏನಾದ್ರೂ ಮರೆತೆನಾ?’ ಅನ್ನುವ ಭಯವೂ ಸ್ವಲ್ಪ ಕಡಿಮೆ ಆಗುತ್ತೆ ಅಂತ ನನ್ನ ನಂಬಿಕೆ.

ಈಗ ನಮ್ಮ ಕಾಲೇಜಿಗೆ ಬನ್ನಿ. ಫೈನಲ್ ಇಯರ್ ಬಂತು ಅಂದರೆ ‘ಸ್ಮಾರ್ಟ್ ಪೇಷಂಟ್ ಮಾನಿಟರಿಂಗ್’ ಪ್ರಾಜೆಕ್ಟ್ ಇಲ್ಲದ ಬ್ಯಾಚ್ ಉಂಟಾ? ಒಂದು ಸೆನ್ಸರ್, ಒಂದು ಬೋರ್ಡ್, ಮಿತಿ ದಾಟಿದ ಕೂಡಲೇ ನರ್ಸ್ ಮೊಬೈಲ್‌ಗೆ ಮೆಸೇಜ್, ಜತೆಗೆ ಬಝರ್. ಡೆಮೋ ದಿನ ಬಝರ್ ಕೂಗಿದರೆ ಚಪ್ಪಾಳೆ. ಆದರೆ ನಾವು ಮಾಡಿದ್ದೇನು? ಈಗಾಗಲೇ ಕಿವಿ ತುಂಬಿರುವವರ ಪಕ್ಕ ಇನ್ನೊಂದು ಬಝರ್ ಇಟ್ಟಿದ್ದು. ಫಾಲ್ಸ್ ಪಾಸಿಟಿವ್ ಅನ್ನುವುದು ನಮಗೆ ವೈವಾದಲ್ಲಿ ಎರಡು ಮಾರ್ಕಿನ ಪ್ರಶ್ನೆ; ಅಲ್ಲಿ ಅದು ರಾತ್ರಿ ಮೂರು ಗಂಟೆಗೆ ಒಬ್ಬರು ಓಡುವ ಓಟ.

ಅದಕ್ಕೇ ನನ್ನ ಬೇಡಿಕೆ ಎರಡು. ಮೊದಲನೆಯದು ಆಸ್ಪತ್ರೆ ನಡೆಸುವವರಿಗೆ, ಸರ್ಕಾರಕ್ಕೆ: ಹಾಸಿಗೆಗೆ ತಕ್ಕಷ್ಟು ಜನ ಕೊಡಿ, ಗಂಟೆಗಳಿಗೆ ಮಿತಿ ಹಾಕಿ, ಸಾವಿನ ನಂತರ ಒಂದು ನಿಮಿಷ, ತಿಂಗಳಿಗೆ ಒಂದು ಗಂಟೆ ಡ್ಯೂಟಿ ಟೈಮಿನಲ್ಲೇ ಮೀಸಲಿಡಿ. ಯೋಗ ಶಿಬಿರ ಆಮೇಲೆ ಇಡಿ, ಬೇಡ ಅನ್ನಲ್ಲ. ಮಾತಾಡಲು ಯಾರಾದರೂ ಬೇಕು ಅನ್ನಿಸಿದವರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರ್ ಪ್ರತಿ ನರ್ಸಿಂಗ್ ಸ್ಟೇಷನ್‌ನಲ್ಲಿ ಅಂಟಿಸಿ.

ಎರಡನೆಯದು ನಮಗೆ. ಮುಂದಿನ ಸಲ ಆಸ್ಪತ್ರೆಗೆ ಸಂಬಂಧಿಸಿದ ಪ್ರಾಜೆಕ್ಟ್ ತೆಗೆದುಕೊಂಡರೆ, ಸಿನಾಪ್ಸಿಸ್ ಸಬ್ಮಿಟ್ ಮಾಡುವ ಮೊದಲು ಅನುಮತಿ ಪಡೆದು ಒಬ್ಬ ನರ್ಸ್ ಹತ್ತಿರ ಮಾತಾಡಿ. ಯಾವ ಸದ್ದು ಬೇಡ, ಯಾವ ಎಂಟ್ರಿ ಎರಡೆರಡು ಸಲ ಬರೀಬೇಕಾಗಿದೆ, ಯಾವ ಕೆಲಸಕ್ಕೆ ಸುಮ್ಮನೆ ನಡೆದಾಟ ಅಂತ ಕೇಳಿ. ‘ಏನು ಸೇರಿಸಲಿ’ ಅಂತ ಕೇಳಬೇಡಿ, ‘ಏನು ತೆಗೆಯಲಿ’ ಅಂತ ಕೇಳಿ. ಒಂದು ಶಿಫ್ಟಿನಲ್ಲಿ ಹತ್ತು ವ್ಯರ್ಥ ಅಲಾರಂ ಕಡಿಮೆ ಮಾಡುವ ಪ್ರಾಜೆಕ್ಟಿಗೆ ಡೆಮೋದಲ್ಲಿ ತೋರಿಸಲು ಏನೂ ಇರಲ್ಲ, ಚಪ್ಪಾಳೆಯೂ ಬೀಳಲಿಕ್ಕಿಲ್ಲ. ಗೈಡ್ ಒಪ್ಪದಿದ್ದರೆ ಈ ಲೇಖನ ತೋರಿಸಿ, ಜಗಳ ನನ್ನ ಮೇಲೆ ಹಾಕಿ.