ಮಂಡಿನೋವಿನ ಮಾರುಕಟ್ಟೆ

ಬಂಗಾರಪೇಟೆ ರೈಲ್ವೆ ನಿಲ್ದಾಣದ ಹೊರಗೆ ಹಂಚಿದ ಒಂದು ಕರಪತ್ರ ಈಗ ನಮ್ಮ ಮೇಜಿನ ಮೇಲಿದೆ. ಅದನ್ನು ತಂದುಕೊಟ್ಟವರು ಚಾಂಪಿಯನ್ ರೀಫ್ ಗಣಿಯಲ್ಲಿ 22 ವರ್ಷ ದುಡಿದ ಹಿರಿಯರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ದೊಡ್ಡ ಕಟ್ಟಡದ ಬಾಗಿಲಲ್ಲಿ ಕಾವಲುಗಾರರಾಗಿ ನಿಂತವರು. ‘ನಿಂತವರು’ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇವೆ. ದಿನಕ್ಕೆ 12 ಗಂಟೆ ನಿಲ್ಲುವುದೇ ಅವರ ಕೆಲಸವಾಗಿತ್ತು. ಈಗ ಎರಡು ಮಂಡಿಗಳೂ ಊದಿಕೊಂಡು, ನಮ್ಮ ಕಚೇರಿಯ ನಾಲ್ಕು ಮೆಟ್ಟಿಲುಗಳನ್ನು ಗೋಡೆ ಹಿಡಿದು ಹತ್ತಿದರು.

ಮಂಡಿ, ಸೊಂಟ, ಭುಜ, ಯಾವ ಕೀಲಿನ ನೋವಾದರೂ, ಹಳೆಯ ಪೆಟ್ಟಾದರೂ, ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಶಾಶ್ವತವಾಗಿ ವಾಸಿಯಾಗುತ್ತದೆ, ಆಪರೇಷನ್ ಬೇಕಿಲ್ಲ ಎಂದು ಕರಪತ್ರ ಸಾರುತ್ತದೆ. ಬೆಲೆಯನ್ನು ಮಾತ್ರ ಅಚ್ಚು ಹಾಕಿಸಿಲ್ಲ. ಫೋನಿನಲ್ಲಿ ಕೇಳಿದರೆ ಒಂದು ಮಂಡಿಗೆ ಲಕ್ಷದ ಮೇಲೆ ಮಾತು, ಎರಡೂ ಮಂಡಿಗೆ ಒಟ್ಟಿಗೆ ಹಾಕಿಸಿಕೊಂಡರೆ ರಿಯಾಯಿತಿ! ಜವಳಿ ಅಂಗಡಿಯಲ್ಲಿ ಕೇಳುವ ಮಾತು ಆಸ್ಪತ್ರೆಯ ಬಾಯಲ್ಲಿ ಬಂದಿತು. ಆ ಹಿರಿಯರಿಗೆ ಆಂಡರ್‌ಸನ್‌ಪೇಟೆಯ ಕಡೆ ಒಂದು ಸಣ್ಣ ನಿವೇಶನವಿದೆ. ‘ಮಾರಿಬಿಡಲೇ ಸ್ವಾಮಿ?’ ಎಂದು ಕೇಳಿದರು. ಮಾರಬೇಡಿ ಎಂದೆವು. ಹಾಗೆ ಹೇಳಲು ನಮಗೆ ಇರುವ ಕಾರಣಗಳನ್ನು ಓದುಗರ ಮುಂದೆ ಇಡುವುದು ಅವಶ್ಯ. ಏಕೆಂದರೆ ಅದೇ ಕರಪತ್ರ ಇನ್ನೆಷ್ಟೋ ಮನೆಗಳಿಗೆ ಹೋಗಿದೆ, ಮಾರಲು ಒಂದು ಸರವೋ ಒಂದು ಹಸುವೋ ಆ ಮನೆಗಳಲ್ಲೂ ಇದ್ದೀತು.

ಈ ಸ್ಟೆಮ್ ಸೆಲ್ ಎಂದರೇನು? ನಮ್ಮ ಶರೀರದ ಕೆಲವು ಜೀವಕೋಶಗಳಿಗೆ ತಾವೂ ಹೆಚ್ಚುತ್ತ, ಬೇರೆ ಬಗೆಯ ಕೋಶಗಳಾಗಿಯೂ ಬೆಳೆಯುವ ಗುಣವಿದೆ. ಕನ್ನಡದಲ್ಲಿ ಅವನ್ನು ಕಾಂಡಕೋಶ ಎನ್ನುತ್ತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿ, ಕೊಬ್ಬಿನಲ್ಲಿ, ಹೊಕ್ಕುಳಬಳ್ಳಿಯಲ್ಲಿ ಅವು ಸಿಗುತ್ತವೆ. ರಕ್ತದ ಕ್ಯಾನ್ಸರಿನಂತಹ ಕಾಯಿಲೆಗಳಿಗೆ ಮಜ್ಜೆಯ ಕಸಿ ಮಾಡುವುದು ಬಹಳ ಕಾಲದಿಂದ ನಡೆದುಬಂದಿದೆ. ನಮ್ಮ ಗಣಿಯ ಜನ ಚೆನ್ನಾಗಿ ಬಲ್ಲ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ 1986ರಿಂದಲೂ ಅದನ್ನು ಮಾಡುತ್ತಿದ್ದಾರೆ. ಅದು ಪರೀಕ್ಷೆಯಲ್ಲಿ ಗೆದ್ದ ಚಿಕಿತ್ಸೆ. ಅದರ ಬಗ್ಗೆ ನಮ್ಮ ತಕರಾರಿಲ್ಲ.

ಮಂಡಿಯ ಸಂಗತಿ ಬೇರೆ. ಮೂಳೆಗೆ ಮೂಳೆ ತಾಗುವ ಕಡೆ ನುಣುಪಾದ ಒಂದು ಮೃದ್ವಸ್ಥಿಯ ಪದರವಿರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಆದ್ದರಿಂದ ಒಮ್ಮೆ ಸವೆದರೆ ಚರ್ಮದ ಗಾಯದಂತೆ ಅದು ತಾನಾಗಿ ಮಾಯುವುದಿಲ್ಲ. ಕಾಂಡಕೋಶಗಳನ್ನು ಒಳಗೆ ಚುಚ್ಚಿದರೆ ಹೊಸ ಪದರ ಬೆಳೆದೀತು ಎಂಬ ಆಸೆಯಿಂದ ಸಂಶೋಧನೆ ಹೊರಟಿತು. ಆದರೆ ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಅಲ್ಲಿ ನೆಲೆಯೂರುವುದಿಲ್ಲವೆಂದೂ, ಅವು ಬಿಡುವ ದ್ರವ್ಯಗಳಿಂದ ಒಳಗಿನ ಉರಿಯೂತ ಸ್ವಲ್ಪ ತಗ್ಗಬಹುದೆಂದೂ ವಿಜ್ಞಾನಿಗಳು ಈಗ ಹೇಳುತ್ತಾರೆ. ಸವೆದ ಮಂಡಿ ಹೊಸ ಮಂಡಿಯಾಗುತ್ತದೆ ಎಂದು ಅವರಲ್ಲಿ ಯಾರೂ ಹೇಳಿಲ್ಲ. ಹಾಗೆ ಹೇಳುತ್ತಿರುವುದು ಕರಪತ್ರ ಮಾತ್ರ.

ಪರೀಕ್ಷೆಗಳು ಏನು ಹೇಳುತ್ತವೆ? ಅಮೆರಿಕದಲ್ಲಿ 475 ಮಂದಿ ಮಂಡಿನೋವಿನ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮಜ್ಜೆಯಿಂದ, ಕೊಬ್ಬಿನಿಂದ, ಹೊಕ್ಕುಳಬಳ್ಳಿಯಿಂದ ಪಡೆದ ಮೂರು ಬಗೆಯ ಕೋಶಗಳನ್ನು ಸಾಧಾರಣ ಸ್ಟೆರಾಯ್ಡ್ ಇಂಜೆಕ್ಷನ್ನಿನ ಜೊತೆ ಹೋಲಿಸಿ ನೋಡಿದರು. ಒಂದು ವರ್ಷವಾದ ಮೇಲೆ ನೋವಿನಲ್ಲಿ ಮೂರರಲ್ಲಿ ಒಂದೂ ಸ್ಟೆರಾಯ್ಡಿಗಿಂತ ಮೇಲಾಗಿ ಕಾಣಲಿಲ್ಲ. 2025ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಂತಹ 25 ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿತು. ನೋವು ಸ್ವಲ್ಪಮಟ್ಟಿಗೆ ಇಳಿಯಬಹುದು, ಆದರೆ ಅದನ್ನೂ ಗಟ್ಟಿಯಾಗಿ ಹೇಳುವಷ್ಟು ಪುರಾವೆಯಿಲ್ಲ ಎಂಬುದು ಅದರ ತೀರ್ಪು. ‘ಸ್ವಲ್ಪಮಟ್ಟಿಗೆ’ ಎಂಬುದು ಕರಪತ್ರದಲ್ಲಿ ‘ಶಾಶ್ವತವಾಗಿ’ ಎಂದಾಗಿದೆ.

ನಾವು ವಿಜ್ಞಾನದ ವಿರೋಧಿಗಳಲ್ಲ. ಒಪ್ಪಿಗೆ ಪಡೆದ ಕೋಶಚಿಕಿತ್ಸೆ ಒಂದೂ ಇಲ್ಲವೆಂದು ಬರೆದರೆ ಅದು ಸುಳ್ಳಾಗುತ್ತದೆ. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಎಂಬ ಸಂಸ್ಥೆ ಆರೋಗ್ಯವಂತ ದಾನಿಗಳ ಮಜ್ಜೆಯ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಔಷಧ ಮಾಡಿತು. ನಿಯಮದಂತೆ ಹಂತಹಂತವಾಗಿ ಪರೀಕ್ಷೆ ನಡೆಸಿ, 2022ರಲ್ಲಿ ಭಾರತದ ಔಷಧ ಮಹಾನಿಯಂತ್ರಕರಿಂದ ಮಂಡಿಸವೆತಕ್ಕೆ ಅದನ್ನು ಬಳಸಲು ಒಪ್ಪಿಗೆ ಪಡೆಯಿತು. ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿದೆ. ಆದರೆ ಆ ಒಪ್ಪಿಗೆಯ ಎಲ್ಲೆಯನ್ನು ಗಮನಿಸಿ: ಸವೆತದ ಎರಡನೆಯ ಮತ್ತು ಮೂರನೆಯ ದರ್ಜೆಗೆ ಮಾತ್ರ. ಮೂಳೆಗೆ ಮೂಳೆ ಉಜ್ಜುವ ನಾಲ್ಕನೆಯ ದರ್ಜೆಗೆ ಅಲ್ಲ. ಭುಜ, ಸೊಂಟ, ಹಳೆಯ ಪೆಟ್ಟು ಎಲ್ಲಕ್ಕೂ ಅಲ್ಲ. ಗಣಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಂಡೆ ಕೊರೆದವರ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರ ಮಂಡಿಗಳು ವೈದ್ಯರ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಆ ನಾಲ್ಕನೆಯ ದರ್ಜೆಯನ್ನು ಮುಟ್ಟಿರುತ್ತವೆ.

ಈಗ ಕಾನೂನಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ಮಜ್ಜೆಯ ಕಸಿಯಂತಹ ಒಪ್ಪಿಗೆಯಾದ ಚಿಕಿತ್ಸೆಗಳನ್ನು ಬಿಟ್ಟರೆ, ಕಾಂಡಕೋಶವನ್ನು ಮನುಷ್ಯರಿಗೆ ಕೊಡುವುದು ನೋಂದಣಿಯಾದ ಪ್ರಯೋಗದಲ್ಲಿ ಮಾತ್ರ. ಜಾಹೀರಾತು ಕೊಡಕೂಡದು. ಕೋಶಗಳಿಂದ ತಯಾರಾದ ಮದ್ದನ್ನು 2019ರ ಕೇಂದ್ರ ನಿಯಮಗಳು ಹೊಸ ಔಷಧವೆಂದೇ ಪರಿಗಣಿಸುತ್ತವೆ. ಇನ್ನು 1954ರಷ್ಟು ಹಿಂದೆಯೇ ಬಂದ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತು ಕಾಯಿದೆಯ ಪಟ್ಟಿಯಲ್ಲಿ ಸಂಧಿವಾತದ ಹೆಸರಿದೆ. ಅದನ್ನು ವಾಸಿಮಾಡುತ್ತೇವೆಂದು ಸಾರಿ ಮದ್ದು ಮಾರುವುದು ಅಪರಾಧ. 70 ವರ್ಷ ದಾಟಿದ ಕಾನೂನು ಕಪಾಟಿನಲ್ಲಿ ಧೂಳು ತಿನ್ನುತ್ತಿದೆ, ಕರಪತ್ರ ಬೀದಿಯಲ್ಲಿ ಓಡಾಡುತ್ತಿದೆ.

ಇದರಿಂದ ಒಂದು ಸುಲಭವಾದ ಒರೆಗಲ್ಲು ಸಿಗುತ್ತದೆ. ಓದುಬರಹ ಬಾರದವರೂ ಇದನ್ನು ಬಳಸಬಹುದು. ನಿಮಗೆ ಕೊಡಹೊರಟಿರುವುದು ಪ್ರಯೋಗವೋ, ಒಪ್ಪಿಗೆಯಾದ ಔಷಧವೋ ಎಂದು ಕೇಳಿ. ಪ್ರಯೋಗವೆಂದರೆ ನಿಮ್ಮಿಂದ ಹಣ ಕೇಳುವಂತಿಲ್ಲ. ಮದ್ದಿನ ಖರ್ಚು ಪ್ರಯೋಗ ಮಾಡುವವರದು, ಅದರಿಂದ ಅಪಾಯವಾದರೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆಯೂ ಅವರದೇ. 2009ರ ಜೂನ್ ತಿಂಗಳಿನಿಂದ ಪ್ರತಿಯೊಂದು ಔಷಧಪ್ರಯೋಗವನ್ನೂ ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ, ಅದಕ್ಕೊಂದು ಸಂಖ್ಯೆ ಇರುತ್ತದೆ. ಅಲ್ಲ, ಇದು ಒಪ್ಪಿಗೆಯಾದ ಔಷಧವೇ ಎಂದರೆ ಅದರ ಹೆಸರು, ತಯಾರಕರು, ಯಾವ ರೋಗಕ್ಕೆ ಒಪ್ಪಿಗೆ ಎಂಬುದನ್ನು ಬರೆದುಕೊಡಲಿ. ಸಂಖ್ಯೆಯೂ ಇಲ್ಲ, ಬರಹವೂ ಇಲ್ಲ, ಆದರೆ ಲಕ್ಷ ರೂಪಾಯಿ ಮಾತ್ರ ಬೇಕು ಎಂದರೆ ಎದ್ದು ಬನ್ನಿ. ‘ನಿಮ್ಮದೇ ರಕ್ತ, ನಿಮ್ಮದೇ ಮಜ್ಜೆ, ಇದಕ್ಕೆ ಯಾರ ಅಪ್ಪಣೆ ಬೇಕು?’ ಎಂದೂ ಕೆಲವರು ಹೇಳುತ್ತಾರೆ. ನಿಮ್ಮದೇ ಮಜ್ಜೆಯಾದರೆ ಅದಕ್ಕೆ ಲಕ್ಷ ರೂಪಾಯಿ ಯಾಕೆ ಎಂದು ನಾವು ಕೇಳುತ್ತೇವೆ. ರಕ್ತವನ್ನು ತಿರುಗಿಸಿ ಅದರ ಒಂದು ಭಾಗವನ್ನು ಮಂಡಿಗೆ ಚುಚ್ಚಿ, ಅದನ್ನೇ ಸ್ಟೆಮ್ ಸೆಲ್ ಎಂದು ಮಾರುವವರೂ ಉಂಟು. ಎರಡೂ ಒಂದೇ ಅಲ್ಲ.

ಹಣ ಹೋದರೆ ಹೋಯಿತು, ನೋವಾದರೂ ಮೊದಲಿನಷ್ಟೇ ಇದ್ದೀತಲ್ಲ ಎನ್ನಬೇಡಿ. 2018ರಲ್ಲಿ ಅಮೆರಿಕದ ಮೂರು ರಾಜ್ಯಗಳಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ ಇಂತಹ ಸರಕನ್ನು ಚುಚ್ಚಿಸಿಕೊಂಡ 12 ಮಂದಿ, ಮದ್ದಿನ ಸೀಸೆಯಲ್ಲೇ ಇದ್ದ ರೋಗಾಣುಗಳಿಂದ ಕೀಲು ಕೀವಾಗಿ, ರಕ್ತ ನಂಜಾಗಿ ಆಸ್ಪತ್ರೆ ಸೇರಿದರು. ಅಷ್ಟು ಕಾವಲಿರುವ ದೇಶದಲ್ಲೇ ಹೀಗೆ.

ಸೂಜಿ ಚುಚ್ಚುವ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ನಮಗೆ ಸಿಕ್ಕ ಪತ್ರ ಆರು ಪುಟ, ಎಲ್ಲವೂ ಇಂಗ್ಲಿಷ್. ಫಲದ ಭರವಸೆ ಇಲ್ಲ, ಹಣ ವಾಪಸಿಲ್ಲ ಎಂಬುದು ಐದನೆಯ ಪುಟದಲ್ಲಿದೆ. 1930ರಲ್ಲಿ ಕಂಪನಿ ಪ್ರತಿಯೊಬ್ಬ ಗಣಿ ಕೆಲಸಗಾರನ ಬೆರಳಚ್ಚು ತೆಗೆಯಹೊರಟಾಗ, ಏತಕ್ಕೆಂದು ತಿಳಿಯದೆ ಬೆರಳು ಕೊಡೆವೆಂದು ನಮ್ಮ ಅಜ್ಜಂದಿರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಅವರ ಮೊಮ್ಮಕ್ಕಳು ಓದದೆ ಆರು ಪುಟಕ್ಕೆ ಸಹಿ ಹಾಕುವುದು ನಮಗೆ ಸಮ್ಮತವಲ್ಲ.

ಇಷ್ಟಕ್ಕೂ ಈ ಮಂಡಿಗಳು ಸವೆದದ್ದು ಎಲ್ಲಿ? ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಲ್ಲಿ. ಅಲ್ಲಿ ಬೆನ್ನು ನೇರಮಾಡಲಾಗದ ಜಾಗಗಳಲ್ಲಿ ಅದಿರು ತೆಗೆದರು, ಕೊರೆಯುವ ಯಂತ್ರದ ನಡುಕವನ್ನು ಭುಜದಲ್ಲಿ ತಡೆದರು. ಶ್ವಾಸಕೋಶ ಕಲ್ಲಾದರೆ ಅದಕ್ಕೆ ಸಿಲಿಕೋಸಿಸ್ ಎಂಬ ಹೆಸರಿದೆ, ಪರಿಹಾರದ ಕಾನೂನಿದೆ. ಸವೆದ ಮಂಡಿಗೆ ‘ವಯಸ್ಸಾಯಿತು’ ಎಂಬ ಒಂದೇ ಹೆಸರು. ಬಂಗಾರಪೇಟೆಯ ಅಕ್ಕಿ ಗಿರಣಿಗಳಲ್ಲಿ, ಮಂಡಿಯ ಅಂಗಡಿಗಳಲ್ಲಿ ಹಮಾಲಿಗಳು ಇಂದಿಗೂ ಬೆನ್ನ ಮೇಲೆ ಹೊರುವ ಮೂಟೆಗಳನ್ನು ನೋಡಿ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಮೂಟೆಯ ಹೊಲಿಗೆ ಹಾಕುವವನಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನೊಂದು ಕಾರಣ ನಮ್ಮ ಕೊಳವೆಬಾವಿಗಳಲ್ಲಿದೆ. ಕೋಲಾರ ಜಿಲ್ಲೆಯ ಎಷ್ಟೋ ಹಳ್ಳಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಹಲ್ಲು ಕಂದುವುದಷ್ಟೇ ಅಲ್ಲ, ಕೀಲು ಬಿಗಿದು ಬೆನ್ನು ಬಾಗುತ್ತದೆ. ನೋಡುವವರಿಗೆ ಸಂಧಿವಾತದಂತೆಯೇ ಕಾಣುತ್ತದೆ. ಇದಕ್ಕೆ ಯಾವ ಕಾಂಡಕೋಶವೂ ಮದ್ದಲ್ಲ. ಶುದ್ಧ ನೀರೇ ಮೊದಲ ಮದ್ದು. ಯರಗೋಳಿನ ಅಣೆಕಟ್ಟಿನ ಯೋಜನೆ 2023ರಲ್ಲಿ ಉದ್ಘಾಟನೆಯಾಯಿತು. ಅದು ಪಟ್ಟಣಗಳ ಮಾತು. ಶುದ್ಧೀಕರಣದ ಯಂತ್ರ ಕೆಟ್ಟು ನಿಂತ ಹಳ್ಳಿಯವರು ಇಂದಿಗೂ ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ. ನೋವೆಂದು ಬಂದವರಿಗೆ ನಿಮ್ಮೂರಿನ ನೀರು ಯಾವುದೆಂದು ಕೇಳದೆ ಸೂಜಿಯ ಬೆಲೆ ಹೇಳುವವನು ವೈದ್ಯನಲ್ಲ, ವರ್ತಕ. (ನಮ್ಮ ವರ್ತಕ ಓದುಗರು ಕ್ಷಮಿಸಬೇಕು. ಅವರು ತೂಕವಾದರೂ ಸರಿಯಾಗಿ ಹಾಕುತ್ತಾರೆ.)

ಹಾಗಾದರೆ ಏನು ಮಾಡಬೇಕು ಎಂದು ಆ ಹಿರಿಯರು ಕೇಳಿದರು. ತೊಡೆಯ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ, ತೂಕ ಇಳಿಸುವುದು, ಕೈಗೊಂದು ಕೋಲು, ವೈದ್ಯರು ಹೇಳಿದಷ್ಟೇ ದಿನ ನೋವಿನ ಮಾತ್ರೆ: ಪುರಾವೆಯಿರುವ ಚಿಕಿತ್ಸೆ ಇಲ್ಲಿಂದಲೇ ಮೊದಲಾಗುತ್ತದೆ, ಇದಕ್ಕೆ ಲಕ್ಷ ಬೇಕಿಲ್ಲ. ಅದರಿಂದಲೂ ಆಗದೆ ಮಂಡಿ ಪೂರಾ ಸವೆದಿದ್ದರೆ ಕೃತಕ ಮಂಡಿಯ ಶಸ್ತ್ರಚಿಕಿತ್ಸೆ ಇದೆ. ಒಂದೂವರೆ ಲಕ್ಷದ ಮೇಲೆ ಬೆಲೆ ಹೇಳುತ್ತಿದ್ದ ಸಾಮಾನ್ಯ ಬಗೆಯ ಕೃತಕ ಮಂಡಿಯ ಬೆಲೆಯನ್ನು 2017ರ ಆಗಸ್ಟಿನಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿತು. ಸರಕಾರ ಮನಸ್ಸು ಮಾಡಿದರೆ ಲಾಭದ ಮಂಡಿಯನ್ನೂ ಬಗ್ಗಿಸಬಹುದೆಂದು ಅಂದು ಕಂಡಿತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ಇನ್ನೊಂದು. ಆಗ ಆರೋಗ್ಯ ಮಂತ್ರಿಗಳಾಗಿದ್ದ, ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಶ್ರೀ ರಮೇಶ್ ಕುಮಾರ್ ಅವರು ಖಾಸಗಿ ಆಸ್ಪತ್ರೆಗಳನ್ನು ಹದ್ದಿನಲ್ಲಿಡುವ ಮಸೂದೆ ತಂದಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಸಡಿಲವಾಗಿ ಹೊರಬಂತು. ಕಾರ್ಮಿಕರ ಮುಷ್ಕರಕ್ಕೆ ಅಷ್ಟು ಬೇಗ ಮಣಿದ ಸರಕಾರವನ್ನು ನಾವು ಕಂಡಿಲ್ಲ.

ಚಾಂಪಿಯನ್ ರೀಫಿನ ಕಂಪನಿ ಆಸ್ಪತ್ರೆ ಒಂದು ಕಾಲಕ್ಕೆ ಸುತ್ತಲಿನ ಜನಕ್ಕೆಲ್ಲ ಹೆಸರುವಾಸಿಯಾಗಿತ್ತು. ಗಣಿ ಮುಚ್ಚಿದ ಮೇಲೆ ಅದಕ್ಕೂ ಬೀಗ ಬಿದ್ದಿತು. 2021ರಲ್ಲಿ ಕೋವಿಡ್ ಬಂದಾಗ ಸ್ವಯಂಸೇವಕರು ಕಸ ಗುಡಿಸಿ, ಸುಣ್ಣ ಬಳಿದು ಅದೇ ಕಟ್ಟಡದಲ್ಲಿ ಹಾಸಿಗೆ ಹಾಕಿಸಿದರು. ಸಾಂಕ್ರಾಮಿಕಕ್ಕೆ ತೆರೆದ ಬಾಗಿಲು ಸವೆದ ಕೀಲುಗಳಿಗೆ ತೆರೆಯದೆ? ಅಲ್ಲಿ ಒಬ್ಬ ಮೂಳೆ ತಜ್ಞರು, ಇಬ್ಬರು ವ್ಯಾಯಾಮ ಚಿಕಿತ್ಸಕರು, ಒಂದು ಎಕ್ಸ್‌ರೇ ಯಂತ್ರ ಇರಲಿ ಎಂಬುದು ನಮ್ಮ ಬೇಡಿಕೆ. ಗಣಿಯಿಂದ ತೆಗೆದ ಚಿನ್ನದ ಲೆಕ್ಕ ಸರಕಾರದ ಬಳಿ ತೊಲದವರೆಗೂ ಇರಬೇಕು. ಅದನ್ನು ತೆಗೆದವರ ಮಂಡಿಗಳ ಲೆಕ್ಕವನ್ನೂ ಅದು ಒಮ್ಮೆ ತೆಗೆಯಲಿ, ಮನೆಮನೆಗೆ ಹೋಗಿ.

ಕರಪತ್ರದ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಇನ್ನೊಂದನ್ನು ಔಷಧ ನಿಯಂತ್ರಣ ಇಲಾಖೆಗೂ ಕಳಿಸಿದ್ದೇವೆ. ಇಂತಹವು ನಿಮ್ಮ ಕೈಗೆ ಬಂದರೆ ಹರಿದುಹಾಕದೆ ನಮ್ಮ ಕಚೇರಿಗೆ ತಂದುಕೊಡಿ, ಹಣ ಕೊಟ್ಟಿದ್ದರೆ ರಸೀತಿಯನ್ನೂ ತನ್ನಿ. ಆ ಹಿರಿಯರು ನಿವೇಶನ ಮಾರಿಲ್ಲ. ಬರುವ ಮಂಗಳವಾರ ಮಾರಿಕುಪ್ಪಂ ರೈಲಿನಲ್ಲಿ ದಂಡು ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬೌರಿಂಗ್ ಆಸ್ಪತ್ರೆಯಲ್ಲಿ ಮಂಡಿ ತೋರಿಸಿಕೊಂಡು ಬರಲಿದ್ದಾರೆ. ಜೊತೆಗೆ ನಮ್ಮವರೊಬ್ಬರು ಹೋಗುತ್ತಾರೆ, ರೈಲಿನಲ್ಲಿ ಅವರಿಗೆ ಕೂರಲು ಜಾಗ ಹಿಡಿಯುವುದಕ್ಕಾದರೂ.