ಬಾವಿಯ ನಂಜು ಯಾರದು?

ಕುಡಿಯುವ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆಯೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಪಟ್ಟಣದ ಗೃಹಸ್ಥರು ಹಳ್ಳಿಯ ಕಡೆ ಬೆರಳು ತೋರಿಸುತ್ತಾರೆ. “ರೈತರು ಯೂರಿಯಾ ಸುರಿಯುತ್ತಾರಲ್ಲ, ಅದರ ಫಲ” ಎಂದು ತೀರ್ಪಿತ್ತು ನಿಶ್ಚಿಂತರಾಗುತ್ತಾರೆ. ರೈತನ ಪಾಲು ಇಲ್ಲವೇ ಇಲ್ಲವೆಂದು ನಾನು ವಾದಿಸಲಾರೆ. ಬೆಳೆ ಹೀರದೆ ಬಿಟ್ಟ ಗೊಬ್ಬರ ಮಣ್ಣಿನೊಳಕ್ಕೆ ಇಳಿದೇ ಇಳಿಯುತ್ತದೆ. ಆದರೆ ಬೆಂಗಳೂರಿನ ಬಡಾವಣೆಗಳಲ್ಲಿ ಯಾವ ರೈತ ಉಳುತ್ತಿದ್ದಾನೆ? ಇಲ್ಲಿನ ಕೊಳವೆಬಾವಿಗೆ ನೈಟ್ರೇಟ್ ಬಂದುದು ಮುಖ್ಯವಾಗಿ ಒಡೆದ ಒಳಚರಂಡಿಯಿಂದ, ಇಂಗುಗುಂಡಿಯಿಂದ. ಬಿಚ್ಚಿ ಹೇಳುವುದಾದರೆ, ನಮ್ಮ ಮಲಮೂತ್ರವೇ ಮಣ್ಣಿನಲ್ಲಿ ಕೊಳೆತು, ನೈಟ್ರೇಟಾಗಿ, ನೀರಿನೊಡನೆ ಇಳಿದು ನಮ್ಮ ಲೋಟಕ್ಕೆ ಮರಳುತ್ತಿದೆ. ಮೂಗು ಮುಚ್ಚಿಕೊಳ್ಳುವುದರಿಂದ ಪ್ರಯೋಜನವಿಲ್ಲ. ನೈಟ್ರೇಟಿಗೆ ವಾಸನೆಯಿಲ್ಲ, ಬಣ್ಣವೂ ಇಲ್ಲ. ಪರೀಕ್ಷಿಸಿದ ಹೊರತು ತಿಳಿಯುವಂತಿಲ್ಲ.

“ನಾವು ಕಾಯಿಸಿಯೇ ಕುಡಿಯುತ್ತೇವೆ, ಭಯವೇನು?” ಎಂಬುದು ಮತ್ತೊಂದು ಸಮಾಧಾನ. ಕುದಿಸಿದರೆ ಸಾಯುವುದು ಕ್ರಿಮಿ. ನೈಟ್ರೇಟಾದರೋ ಉಪ್ಪಿನ ಜಾತಿಯದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಹೆಚ್ಚುತ್ತದೆ. ಸಾರು ಬತ್ತಿದರೆ ಉಪ್ಪು ಏರುವುದನ್ನು ಅರಿಯದ ಗೃಹಿಣಿ ಉಂಟೆ? ಕ್ಯಾಂಡಲ್ ಫಿಲ್ಟರೂ ಇದನ್ನು ತಡೆಯದು. ಆರ್‌ಓ ಯಂತ್ರ ಬಹುಮಟ್ಟಿಗೆ ತಡೆಯುತ್ತದೆ, ನಿಜ; ಆದರೆ ಅದನ್ನು ಕೊಳ್ಳಲಾರದವರ ಮನೆಯ ತೊಟ್ಟಿಲಲ್ಲಿಯೂ ಮಗುವಿದೆ.

ಮಗುವಿನ ಮಾತನ್ನು ಸುಮ್ಮನೆ ತೆಗೆಯಲಿಲ್ಲ. ಬಾವಿನೀರು ಬೆರೆಸಿದ ಬಾಟಲಿ ಹಾಲು ಕುಡಿದ ಹಸುಗೂಸುಗಳು ನೀಲಿಗಟ್ಟಿದುದಕ್ಕೆ ನೈಟ್ರೇಟೇ ಕಾರಣವೆಂದು ಅಮೆರಿಕದ ಅಯೋವಾ ಪ್ರಾಂತದ ಡಾ. ಹಂಟರ್ ಕಾಮ್ಲಿಯವರು 1945ರಲ್ಲಿಯೇ ಬರೆದರು. ಹೊಟ್ಟೆಯಲ್ಲಿ ಅದು ನೈಟ್ರೈಟಾಗಿ, ಆಮ್ಲಜನಕವನ್ನು ಹೊರುವ ರಕ್ತದ ಶಕ್ತಿಯನ್ನೇ ಕುಂದಿಸುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಅಪಾಯ ಹೆಚ್ಚು. ಆದುದರಿಂದಲೇ ಭಾರತೀಯ ಮಾನಕವು ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯನ್ನಿಟ್ಟು, ಅದರಲ್ಲಿ ಯಾವ ಸಡಿಲಿಕೆಯನ್ನೂ ಕೊಟ್ಟಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ, ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಈ ಮಿತಿಯನ್ನು ಮೀರಿವೆ. ಕಾನೂನು ಕಾಗದದಲ್ಲಿದೆ, ನೈಟ್ರೇಟ್ ನೀರಿನಲ್ಲಿದೆ!

ನಾನು ಕೇಳುವುದು ಹೆಚ್ಚೇನಲ್ಲ. ಮನೆ ಹಿಡಿಯುವಾಗ ಬಾಗಿಲು ಯಾವ ದಿಕ್ಕಿಗಿದೆಯೆಂದು ಕೇಳುವ ನಾವು, ಬಾವಿಯ ನೀರಿನ ಪರೀಕ್ಷೆಯ ವರದಿಯನ್ನೂ ಕೇಳೋಣ. ಟ್ಯಾಂಕರಿನವನನ್ನೂ ಕೇಳೋಣ. ವಾರ್ಡಿಗೆ ಮತ ಕೇಳಲು ಬಂದವರ ಮುಂದೆ, ರಸ್ತೆಯ ಡಾಂಬರಿಗಿಂತ ಮೊದಲು, ಆ ರಸ್ತೆಯ ಕೆಳಗೆ ಸೋರುತ್ತಿರುವ ಚರಂಡಿಯ ಮಾತೆತ್ತೋಣ. ಅಷ್ಟನ್ನೂ ಮಾಡದವರಿಗೆ ರೈತನನ್ನು ದೂರುವ ಅಧಿಕಾರ ಎಲ್ಲಿಂದ ಬಂತು?